ಅಂಗಾಲಿನ ಬೊಟ್ಟು

ಟಿಕ್ ಅಂತೇನು? ಇಲ್ಲ, ಅನ್ನಲಿಲ್ಲ, ಅಂದಂತೆ ಕೇಳಿಸಿತಷ್ಟೇ, ಕೂಸಿನ ಸೀಟನ್ನು ಗಾಡಿಗೆ ಬಿಗಿಯುವ ಬೆಲ್ಟಿನ ತುದಿ ಲಾಕಿನ ಬಾಯಿಗೆ ಹೋದಷ್ಟೇ ಬೇಗ ಹೊರಗೆ ಬಂತು, ಅಳಿಯ ಗಾಳೇಶ ಥೂ ಅಂದ, ಹಿಂದೆ ಕಟ್ಟೆಯ ಮೇಲೆ ಅತ್ತೆ ಕೂತಿದ್ದಾಳೆ ಅಂತ ನೆನಪಾಗಿ ಆ ಥೂವನ್ನು ಅರ್ಧಕ್ಕೇ ನುಂಗಿದ, ನುಂಗಲಿ ಬಿಡು, ನನಗೇನು, ನಾನು ಮೊಮ್ಮಗಳ ಅಂಗಾಲಿಗೆ ಕಾಡಿಗೆಯ ಬೊಟ್ಟು ಇಡುವುದರಲ್ಲಿದ್ದೇನೆ, ಎಡಗಾಲು, ಹಿಡಿದರೆ ಜಾರುತ್ತದೆ, ಬಿಟ್ಟರೆ ಒದೆಯುತ್ತದೆ, ತಡಿಯ ನನ್ನವ್ವಾ, ಒಂದು ಗಳಿಗಿ ತಡಿ, ಏನೇ ಹೊಚ್ಚಿದರೂ ಎಷ್ಟೇ ಬಿಗಿಯಾಗಿ ಸುತ್ತಿದರೂ ಈ ಎಡಗಾಲು ಮಾತ್ರ ಹೊರಗೆ ಬಂದೇ ಬರುತ್ತದೆ, ಹುಟ್ಟಿದ ದಿನವೇ ಬಂದಿತ್ತು, ನರ್ಸಮ್ಮ ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಾಗ ಮೊದಲು ಕಂಡದ್ದು ಮುಖವಲ್ಲ, ಈ ಕಾಲು, ಹೆಬ್ಬೆರಳಿನಷ್ಟೂ ಅಗಲವಿಲ್ಲದ ಕೆಂಪು ಅಂಗಾಲು. ಬೊಟ್ಟು ಕೆನ್ನೆಗೆ ಇಟ್ಟರೆ ಲಲಿತಾ ಒರೆಸಿಬಿಡುತ್ತಾಳೆ, ಯವ್ವಾ ಮಾರಿ ತುಂಬಾ ಕರ್ರಗ ಮಾಡ್ತೀ ನೋಡು ಅನ್ನುತ್ತಾಳೆ, ಅದಕ್ಕೇ ಅಂಗಾಲಿಗೆ ಇಡುವುದು, ಅಲ್ಲಿ ಅವಳ ಕಣ್ಣು ಹೋಗುವುದಿಲ್ಲ, ನನ್ನ ಕಣ್ಣೊಂದೇ ಹೋಗುತ್ತದೆ. ಗಿರಣಿಯಲ್ಲಿ ಭತ್ತ ಕುದಿಸುತ್ತಿದ್ದಾರೆ, ಆ ಬಿಸಿಬಿಸಿ ಹುಳಿ ವಾಸನೆ ಬೆಳಗ್ಗಿನಿಂದ ಓಣಿ ತುಂಬಾ ಇದೆ, ಕಾರಟಗಿಯಲ್ಲಿ ಹುಟ್ಟಿದ ಕೂಸಿಗೆ ಇದೇ ಮೊದಲ ವಾಸನೆ, ಕೊಪ್ಪಳಕ್ಕೆ ಹೋದ ಮೇಲೆ ಮೂಗು ಅರಳಿಸಿ ಹುಡುಕುತ್ತದೆಯೋ ಏನೋ, ಹುಡುಕಲಿ, ನನ್ನನ್ನೂ ಹುಡುಕಲಿ ಸ್ವಲ್ಪ.

ಇವತ್ತು ಹೋಗುತ್ತಾರೆ, ಹೋಗಬೇಕು, ಸೋಮವಾರಕ್ಕೆ ಲಲಿತಾಳ ರಜೆ ಮುಗಿಯುತ್ತದೆ, ಕೊಪ್ಪಳದಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ಅವಳ ಕೆಲಸ, ಊರವರ ರಕ್ತವನ್ನೆಲ್ಲ ಕಣ್ಣು ಮಿಟುಕಿಸದೆ ತೆಗೆಯುತ್ತಾಳೆ, ತನ್ನ ಕೂಸಿಗೆ ಸೂಜಿ ಹಾಕಿಸುವಾಗ ಮಾತ್ರ ನನ್ನ ಬೆನ್ನ ಹಿಂದೆ ಅಡಗುತ್ತಾಳೆ, ನನ್ನ ಮಗಳು, ಇದ್ದೊಬ್ಬ ಮಗಳು. ಬೇವೂರಿನಿಂದ ಬೀಗತಿ ಮುದುಕವ್ವ ಆಗಲೇ ಬಂದು ಕೊಪ್ಪಳದ ಮನೆಯಲ್ಲಿ ಕೂತಿದ್ದಾಳಂತೆ, ನೀರು ಕಾಯಿಸಲು ಹೊಸ ಹಂಡೆ ತರಿಸಿದ್ದಾಳಂತೆ, ಇನ್ನ ಕೂಸಿಗೆ ಎರಿಯೋದು ನನಗ ಬಿಡ್ರಿ ಬೀಗರೆ, ನಿಮ್ಮ ಕೈಗೂ ಒಂದೀಟು ಆರಾಮ ಆಗಲಿ ಅಂತ ನಿನ್ನೆ ಫೋನಿನಲ್ಲಿ ಅಂದಳು, ಆರಾಮ ಬೇಕು ಅಂತ ನಾನು ಕೇಳಿದ್ದೆನೇ? ಎರೆಯಲಿ, ಅವಳೂ ಅಜ್ಜಿಯೇ, ಬೇಡ ಅನ್ನಲು ನಾನ್ಯಾರು, ಆದರೆ ಅವಳದು ಬರೀ ಎಲುಬಿನ ಕಾಲು, ಕೂಸಿನ ಬೆನ್ನಿಗೆ ಒತ್ತುವುದಿಲ್ಲವೇ, ನನ್ನ ಕಾಲಾದರೋ ಎರಡು ದಿಂಬು, ಜೀವಮಾನವೆಲ್ಲ ಜನ ಆಡಿಕೊಂಡು ನಕ್ಕ ಈ ಮೈ ಕಡೆಗೂ ಒಂದು ಜೀವದ ಉಪಯೋಗಕ್ಕೆ ಬಂತು ಅಂದುಕೊಂಡಿದ್ದೆ, ಬಚ್ಚಲ ಗೋಡೆಗೆ ಬೆನ್ನು ಕೊಟ್ಟು, ಸೀರೆ ಮೊಣಕಾಲ ಮೇಲೆ ಸರಿಸಿ, ಕಾಲು ಚಾಚಿ ಕೂತರೆ, ಅವಳ ತಲೆ ನನ್ನ ಪಾದದ ಕಡೆ, ಅವಳ ಅಂಗಾಲು ನನ್ನ ಹೊಟ್ಟೆಗೆ, ನಾನು ಅವಳನ್ನು ನೋಡುತ್ತ ಅವಳು ನನ್ನನ್ನು ನೋಡುತ್ತ, ಎಣ್ಣೆ ತಿಕ್ಕುವವರೆಗೂ ಒದೆಯುತ್ತಾಳೆ, ಬಿಸಿನೀರಿನ ಮೊದಲ ಚೊಂಬು ಬಿದ್ದೊಡನೆ ಆ ಎಂದು ಬಾಯಿ ತೆರೆದು ಎರಡೂ ಅಂಗಾಲು ಹೊಟ್ಟೆಗೆ ಗಟ್ಟಿಯಾಗಿ ಒತ್ತಿ ನಿಲ್ಲುತ್ತಾಳೆ, ಮಲಗಿದಲ್ಲೇ ನಿಲ್ಲುತ್ತಾಳೆ, ಐದು ತಿಂಗಳು ದಿನಾ ಬೆಳಗ್ಗೆ. ನನ್ನ ಖಾನಾವಳಿಗೆ ಬರುವ ಗಿರಣಿ ಹಮಾಲರು ಊಟ ತಡವಾದರೆ ಗೊಣಗುತ್ತಿರಲಿಲ್ಲ, ಅಕ್ಕಾರ ಕೂಸಿಗೆ ಎರದ್ರೇನ್ರಿ ಅಂತ ಕೇಳಿಯೇ ತಾಟಿಗೆ ಕೈ ಹಾಕುತ್ತಿದ್ದರು, ನಾಳೆ ಏನು ಕೇಳುತ್ತಾರೆ, ನಾಳೆ ರೊಟ್ಟಿ ಸರಿಯಾದ ಹೊತ್ತಿಗೆ ಆಗುತ್ತದೆ, ಆಗಿ ಏನು ಮಾಡಬೇಕು.

ಮತ್ತೆ ಅದೇ ಸದ್ದು, ಹೋಯಿತು, ಬಂತು. ಗಾಡಿ ಅಂದರೆ ಪಿಕಪ್ಪು, ಮುಂದೆ ಎರಡು ಸೀಟು, ಹಿಂದೆ ಒಂದು ಉದ್ದ ಸೀಟು, ಅದರ ಹಿಂದೆ ಸಾಮಾನು ಹೇರುವ ತೆರೆದ ಡಬ್ಬಿ, ಯಲಬುರ್ಗಾ ಕಡೆ ಯಾರ ಹೊಲದ ಬೋರು ಕೆಟ್ಟರೂ ಅಳಿಯ ಇದರಲ್ಲೇ ಹೋಗಿ ಪೈಪು ಎಳೆದು ಮೋಟಾರು ಎತ್ತುತ್ತಾನೆ, ಹಿಂದಿನ ಸೀಟಿನಲ್ಲಿ ಅವನ ಆಳುಗಳು ಗ್ರೀಸು ಮೆತ್ತಿದ ಬಟ್ಟೆಯಲ್ಲೇ ಕೂತು ಹೋಗುವುದು, ಆ ಬೆಲ್ಟನ್ನು ಗಾಡಿ ಕೊಂಡಾಗಿನಿಂದ ಯಾರಾದರೂ ಮುಟ್ಟಿದ್ದರೆ ಕೇಳಿ, ಲಾಕು ಸೀಟಿನ ಸಂದಿಯಲ್ಲಿ ಮುಳುಗಿಹೋಗಿತ್ತು, ಬೆಳಗ್ಗೆ ಬಂದವನೇ ಚಹಾ ಕೂಡ ಕುಡಿಯದೆ ಮೊಣಕೈವರೆಗೆ ಕೈ ತುರುಕಿ ಎಳೆದ, ಜೊತೆಗೆ ಒಂದು ಪಾನಾ, ಎರಡು ನಟ್ಟು, ಶೇಂಗಾ ಸಿಪ್ಪೆ, ಯಾರದೋ ಹಣಿಗೆ ಬಂತು. ಕಸ ಕುಂತಿರಬೇಕು ಒಳಗ, ಅಂದಳು ಲಲಿತಾ, ಜಡೆಯಿಂದ ಪಿನ್ನು ಕಿತ್ತು ಲಾಕಿನ ಬಾಯಿಯನ್ನು ಕೆದಕಿದಳು, ಊದಿದಳು, ಹಾಕ್ರಿ ಈಗ ಅಂದಳು. ಟಿಕ್. ಈ ಸಲ ನಿಜವಾದ ಟಿಕ್, ಗಟ್ಟಿ, ಎದೆಗೆ ಬಡಿದಂತೆ. ಆತು, ಅಂದ ಅಳಿಯ, ಬೆವರಿನಲ್ಲೂ ಹಲ್ಲು ತೋರಿಸಿದ, ಅವನ ಆ ನಗುವನ್ನು ಓರೆಗಣ್ಣಿನಲ್ಲಿ ನೋಡಿ ನನಗೆ ಒಳಗೇ ಸಂಕಟ, ಆಯಿತೇ, ಇಷ್ಟು ಬೇಗ ಆಯಿತೇ.

ಈ ಕೂಸಿನ ಸೀಟಿನ ಹುಚ್ಚು ಲಲಿತಾಳದು, ಹುಚ್ಚು ಹಿಡಿದದ್ದು ಮಾತ್ರ ನನ್ನ ತೊಡೆಯ ಮೇಲಿದ್ದ ತಂಬಿಗೆಯಿಂದ. ಕುಬುಸದ ಕಾರ್ಯ ಮುಗಿಸಿ ಬಸುರಿಯನ್ನು ತವರಿಗೆ ಕರೆತರಲು ನಾನೇ ಹೋಗಿದ್ದೆ, ಇದೇ ಗಾಡಿ, ವಿಧಿಯಿಲ್ಲದೆ ನಾನು ಮುಂದೆ, ಲಲಿತಾ ಹಿಂದೆ ಕಾಲು ಚಾಚಿ, ಬೀಗತಿ ಕೊಟ್ಟ ಹಿತ್ತಾಳೆ ತಂಬಿಗೆ ನನ್ನ ತೊಡೆಯ ಮೇಲೆ, ಹೊಸದು, ಮುಖ ಕಾಣುವಷ್ಟು ಹೊಳಪು, ಸೊಟ್ಟಗಾದರೆ ಬೀಗತಿಯ ಮುಂದೆ ಮರ್ಯಾದೆ ಏನುಳಿಯಬೇಕು ಅಂತ ಎರಡೂ ಕೈಯಿಂದ ಅಪ್ಪಿ ಹಿಡಿದಿದ್ದೆ, ಗಂಗಾವತಿ ದಾಟಿ ಸ್ವಲ್ಪ ದೂರ ಬಂದಿದ್ದೇವೆ, ಕಾಲುವೆ ದಂಡೆಯಿಂದ ಕುರಿಹಿಂಡು ಒಮ್ಮೆಲೇ ರಸ್ತೆಗೆ ಇಳಿಯಿತು, ಅಳಿಯ ಬ್ರೇಕು ಹಾಕಿದ, ಅಂಥಾ ಜೋರಾಗಿಯೂ ಹೋಗುತ್ತಿರಲಿಲ್ಲ ಪಾಪ, ಢಣ್ ಅಂತು, ತಂಬಿಗೆ ಮುಂದಿನ ಗಾಜಿಗೆ ಬಡಿದು ನನ್ನ ಕಾಲ ಬುಡದಲ್ಲಿ ಬಿದ್ದು ಗರಗರ ತಿರುಗುತ್ತಿದೆ, ನಾನು ಕೈ ಬಿಟ್ಟೆನೇ? ಬಿಡಲಿಲ್ಲ. ಕೈ ಹಿಡಿದೇ ಇತ್ತು, ಹಿಡಿದ ಆಕಾರದಲ್ಲೇ ಇತ್ತು, ನಡುವೆ ತಂಬಿಗೆ ಮಾತ್ರ ಇರಲಿಲ್ಲ. ಕುರಿಗಳು ಬ್ಯಾ ಬ್ಯಾ ಅನ್ನುತ್ತ ಎರಡೂ ಕಡೆ ಹರಿದುಹೋದವು, ಹಿಂದಿನಿಂದ ಲಲಿತಾ ಮೆಲ್ಲಗೆ ಕೇಳಿದಳು, ಯವ್ವಾ, ನೀ ಗಟ್ಟಿ ಹಿಡಕೊಂಡಿದ್ದಿ ಹೌದಲ್ಲ? ಹೂಂನವ್ವ ಅಂದೆ. ದಿನಾ ರೊಟ್ಟಿ ಬಡಿಯೋ ಕೈ ನಿನ್ನವು, ಅವಕ್ಕ ನಿಲ್ಲಲಿಲ್ಲ ಅಂದ್ರ... ಅಷ್ಟಕ್ಕೇ ನಿಲ್ಲಿಸಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ತಂಬಿಗೆಗೆ ತಗ್ಗು ಬಿದ್ದಿತ್ತು, ಈಗಲೂ ಇದೆ, ಅದರಲ್ಲೇ ಕೂಸಿಗೆ ನೀರು ಬೆರೆಸುವುದು.

ಅದಕ್ಕೇ ಈ ಸೀಟು, ಹೊಸಪೇಟೆಯಿಂದ ತರಿಸಿದ್ದು, ಬೂದು ಬಣ್ಣದ್ದು, ಮಗುವಿಗಿಂತ ಹತ್ತು ಪಟ್ಟು ದೊಡ್ಡದು, ಇದರಾಗ ಕುಂತ್ರ ಮಾತ್ರ ಕೂಸು ಗಾಡಿ ಏರೋದು, ಯಾರ ತೊಡಿ ಮ್ಯಾಲೂ ಇಲ್ಲ, ನಂದೂ ಇಲ್ಲ, ಅಂತ ಲಲಿತಾಳ ಹಟ. ಟಿಕ್ ಅಂದದ್ದೇ ಬಂತು, ಅವಳು ಫೋನಿನಲ್ಲಿ ವಿಡಿಯೋ ಹಚ್ಚಿ ನೋಡಿ ತಲೆ ಅಲ್ಲಾಡಿಸಿದಳು, ಇಲ್ರಿ, ತಪ್ಪಾತು, ಇದು ಬೆಲ್ಟಿನ ಕೆಂಪು ಗುರುತಿನ ದಾರಿ, ದೊಡ್ಡ ಹುಡುಗರಿಗೆ, ಸಣ್ಣ ಕೂಸಿಗೆ ನೀಲಿ ಗುರುತು, ಮಾರಿ ಹಿಂದಕ್ಕ ಮಾಡಿ ಕೂಡ್ರಸಬೇಕು. ಹಿಂದಕ್ಕೆ! ನನಗೆ ಸಿಕ್ಕಿತು ನೋಡಿ ಒಂದು ಎಳೆ, ಬಿಡುತ್ತೇನೆಯೇ, ಕಟ್ಟೆಯ ಮೇಲಿಂದಲೇ ದನಿ ಏರಿಸಿದೆ, ಏನ ಲಲಿತಾ, ಮೊದಲನೇ ಸಲ ಅಪ್ಪನ ಮನಿಗೆ ಹೋಗೋ ಕೂಸು, ಹೊಸಲಿಗೆ ಬೆನ್ನು ಮಾಡಿ ಹೋಗಬೇಕೇನು, ಅಶುಭ ಅಲ್ಲೇನ, ಯಾರಾರ ಕೇಳಿದ್ರ ನಕ್ಕಾರು. ಯವ್ವಾ, ಇದರ ಕುತ್ತಿಗಿ ಇನ್ನೂ ಹಸೀದು, ತಲಿ ಭಾರ ಐತಿ, ಮುಂದ ಮಾರಿ ಮಾಡಿ ಕೂಡ್ರಿಸಿ ಬ್ರೇಕ್ ಹಾಕಿದ್ರ ಕುತ್ತಿಗಿ ಸೆಳಕೊಂತೈತಿ, ಹಿಂದ ಮಾರಿ ಇದ್ರ ಬೆನ್ನು ಪೂರಾ ಸೀಟಿಗೆ ಒರಗತೈತಿ. ಹೇಳಲು ಬರುತ್ತದೆ ಅವಳಿಗೆ, ಓದಿಸಿದ್ದೂ ನಾನೇ. ನಮ್ಮವರು ದೇವೇಂದ್ರಪ್ಪ ಬಾಯಿ ಹಾಕದೆ ಇರುತ್ತಾರೆಯೇ, ಗಿರಣಿಯಲ್ಲಿ ಲಾರಿಗೆ ಚೀಲ ಹೇರಿಸುವ ಮುಕಾದಮಗಿರಿ ಮಾಡಿ ಮಾಡಿ ಲೋಕದ ಎಲ್ಲ ಕಷ್ಟಕ್ಕೂ ಹಗ್ಗವೇ ಮದ್ದು ಅಂತ ತಿಳಿದವರು, ಅಳಿಯಂದಿರೆ, ಇದೆಲ್ಲಾ ಯಾಕ್ರಿ, ಒಂದು ನೈಲಾನ್ ಹಗ್ಗ ತರ್ತೀನಿ, ನಾಕು ಸುತ್ತು ಬಿಗಿದ್ರ ಕೂಸು ಕಾಶಿಗೆ ಹೋದ್ರೂ ಅಲ್ಲಾಡಂಗಿಲ್ಲ. ಅಪ್ಪಾ, ಅದು ಅಕ್ಕಿ ಚೀಲ ಅಲ್ಲ! ಅಂತ ಲಲಿತಾ ಚೀರಿದಳು, ಚೀರಿದ್ದಕ್ಕೆ ಕೂಸು ಬೆಚ್ಚಿತು, ಬೆಚ್ಚಿ ಕಾಲು ಒದೆಯಿತು, ಒದ್ದ ರಭಸಕ್ಕೆ ಬೊಟ್ಟು ನನ್ನ ಸೆರಗಿಗೆ ಮೆತ್ತಿತು. ಮತ್ತೆ ಇಟ್ಟೆ. ಇಡುವುದಕ್ಕೆ ನನಗೇನು ಬೇಸರವಿಲ್ಲ, ಸಂಜೆಯವರೆಗೂ ಇಡುತ್ತೇನೆ.

ಲಲಿತಾ ಹಾಲು ಕುಡಿಸಲು ಕೂಸನ್ನು ಒಳಗೆ ಕರೆದುಕೊಂಡು ಹೋದಾಗ ತೊಡೆ ತಣ್ಣಗಾಯಿತು, ಸುಮ್ಮನೆ ಕೂಡಲಾಗದೆ ಎದ್ದೆ, ಕೌದಿ ತಂದೆ. ಕೂಸಿಗೆಂದು ಹೊಲಿದ ಕೌದಿ, ಗಾಡಿಯ ಸೀಟಿಗೆ ಗ್ರೀಸು ಅಂಟಿದೆ, ಗಂಗಾವತಿ ರಸ್ತೆಯೋ ಬರೀ ತಗ್ಗು, ಕುಲುಕಿಗೆ ಕೂಸಿನ ಎಲುಬು ನೊಂದೀತು, ನಾಲ್ಕು ಮಡಿಕೆ ಮಾಡಿ ಕೊಟ್ಟು, ನೆಲ ನೋಡುತ್ತ ಹೇಳಿದೆ, ಇದನ್ನ ತಳಕ್ಕ ಹಾಸಿಬಿಡ್ರಿ ಅಳಿಯಂದಿರೆ, ಮೆತ್ತಗಿರತೈತಿ. ಅವನೂ ನೆಲ ನೋಡುತ್ತಲೇ ಹೂಂನ್ರಿ ಅತ್ತಿ ಅಂದ. ನಾವು ಹೀಗೇ, ಲಲಿತಾಳ ಮದುವೆಯಾದಾಗಿನಿಂದ ಅವನ ಮುಖ ನಾನು ನೆಟ್ಟಗೆ ನೋಡಿದ್ದಿಲ್ಲ, ಅವನಿದ್ದರೆ ಸೆರಗು ಹೆಗಲ ಮೇಲಿಂದ ಇಳಿಯುವುದಿಲ್ಲ, ಒಂದೇ ಕಟ್ಟೆಯ ಮೇಲೆ ಕೂಡುವುದಿಲ್ಲ, ಹೆಸರು ಹಿಡಿದು ಕರೆಯುವ ಮಾತಂತೂ ದೂರ, ನಮ್ಮವ್ವ ಹಾಗೇ ಇದ್ದಳು, ನಾನೂ ಹಾಗೇ. ಕೌದಿ ಹಾಸಿದ, ಅದರ ಮೇಲೆ ಸೀಟು ತಿರುಗಿಸಿ ಇಟ್ಟ, ನೀಲಿ ಗುರುತಿನೊಳಗಿಂದ ಬೆಲ್ಟು ತೂರಿಸಿದ, ಟಿಕ್, ಎಳೆದ, ಇನ್ನೂ ಎಳೆದ, ಕಾಲು ಬಾಗಿಲಿಗೆ ಒತ್ತುಕೊಟ್ಟು ಎಳೆದ, ಲಲಿತಾ ಕೂಸನ್ನು ನನ್ನ ತೊಡೆಗೆ ಹಾಕಿ ಹೋಗಿ ಸೀಟನ್ನು ಬೆಲ್ಟು ಹಾದುಹೋಗುವ ಕಡೆ ಹಿಡಿದು ಅಲುಗಾಡಿಸಿದಳು, ಸೀಟು ಆಚೆ ಹೋಯಿತು ಈಚೆ ಬಂತು, ತೊಟ್ಟಿಲಿನ ಹಾಗೆ. ಒಂದು ಬೆರಳಿಗಿಂತ ಹೆಚ್ಚಿಗಿ ಅಲ್ಲಾಡಬಾರದ್ರಿ, ಇದು ಅಂಗೈ ಅಗಲ ಅಲ್ಲಾಡಾಕತ್ತೈತಿ. ಬಿಚ್ಚಿದ, ಮತ್ತೆ ಕಟ್ಟಿದ, ಮತ್ತೆ ಅಲುಗಾಡಿತು. ಪ್ರತಿ ಸಲ ಅದು ಅಲುಗಾಡಿದಾಗ ನನ್ನ ಎದೆಯಲ್ಲಿ ಒಂದು ಹಗುರ, ನಾಚಿಕೆಗೇಡಿ ಹಗುರ, ಮೂರನೆಯ ಸಲಕ್ಕೆ ಲಲಿತಾ ಗಾಡಿಯ ಬಾಗಿಲಿಗೆ ಒರಗಿ ನಿಂತಳು, ಸಾಕು ಬಿಡ್ರಿ ಅಂದಳು, ಸೀಟೇ ಸರಿ ಇಲ್ಲ ಕಾಣತೈತಿ, ಬದಲಿ ತರಸೂಣು, ನಾ ಇವತ್ತ ಬರ್ತೀನಿ, ಕೂಸು ಇಲ್ಲೇ ಅವ್ವನ ಹತ್ರ ಇರಲಿ, ಬಾಟಲಿ ಹಾಲು ರೂಢಿ ಆಗೈತಿ, ಮುಂದಿನ ತಿಂಗಳ ನೋಡೂಣು.

ಇರಲಿ ಅಂದಳು, ಇಲ್ಲೇ ಇರಲಿ ಅಂದಳು, ಕೇಳಿದಿರೇನು ಊರವರೇ, ನನ್ನ ಹತ್ತಿರ ಇರಲಿ ಅಂದಳು! ಕೂಸನ್ನು ಎದೆಗೆ ಒತ್ತಿಕೊಂಡೆ, ನಾಳೆ ಎರೆಯುತ್ತೇನೆ, ನಾಡಿದ್ದು ಎರೆಯುತ್ತೇನೆ, ಹಮಾಲರ ಊಟ ತಡವಾಗಲಿ, ಬೀಗತಿಯ ಹೊಸ ಹಂಡೆ ಒಣಗಲಿ, ಹಲ್ಲು ಬರುವ ಹೊತ್ತು, ಮೊದಲ ಹಲ್ಲು ನಾನೇ ನೋಡುತ್ತೇನೆ, ಅಂಬೆಗಾಲು ಈ ಅಂಗಳದಲ್ಲೇ ಇಡುತ್ತಾಳೆ, ಇಷ್ಟೆಲ್ಲ ಎಣಿಸಿಕೊಂಡು ತಲೆ ಎತ್ತಿದರೆ ಅಳಿಯ ಗಾಡಿಯೊಳಗೆ ಕುಕ್ಕರಗಾಲಿನಲ್ಲಿ ಕೂತಿದ್ದಾನೆ, ಕೈ ಸೀಟಿನ ಬುಡದಲ್ಲಿದೆ, ಕಣ್ಣು ಕೌದಿಯ ಅಂಚಿನ ಮೇಲಿದೆ. ಸೀಟಿನ ಕೆಳಗಿಂದ ಒಂದು ಮೂಲೆಯಷ್ಟೇ ಇಣುಕುತ್ತಿತ್ತು, ಹಸಿರು ತುಂಡು. ನನ್ನ ಮೊದಲ ಇಳಕಲ್ಲು, ಲಲಿತಾ ಹೊಟ್ಟೆಯಲ್ಲಿದ್ದಾಗ ಉಟ್ಟದ್ದು. ಅದರ ಪಕ್ಕ ನೀಲಿ, ಅದು ಲಲಿತಾಳ ಸಾಲಿಯ ಲಂಗ, ಅದರ ಪಕ್ಕ ಗೀರು ಗೀರಿನದು ನಮ್ಮವರ ಅಂಗಿ, ನಡುವೆ ನಮ್ಮವ್ವ ಸಾಯುವಾಗ ಉಟ್ಟಿದ್ದ ಸೀರೆಯ ಕಂದು ಚೌಕ, ಬಾಣಂತಿಯ ಕೋಣೆಯ ಹೊರಗೆ ಕೂತು ಕೂಸಿನ ಉಸಿರು ಕೇಳುತ್ತ ಹೊಲಿದೆ, ಒಂದು ಹೊಲಿಗೆ ಹಾಕುವುದು, ಕಿವಿಗೊಡುವುದು, ಒಂದು ಹಾಕುವುದು, ಎಷ್ಟು ಪದರ ಹಾಕಿದೆನೋ, ಮೆತ್ತಗಾಗಲಿ ಅಂತ ಹಾಕುತ್ತಲೇ ಹೋದೆ, ಕೈಯಿಂದ ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಉಬ್ಬುತ್ತದೆ... ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಉಬ್ಬುತ್ತದೆ. ಅಯ್ಯ ಶಿವನೇ. ಸೀಟಿಗೇನೂ ಆಗಿಲ್ಲ. ಬೆಲ್ಟು ಎಷ್ಟು ಎಳೆದರೇನು, ನಡುವೆ ನಾಲ್ಕು ಮಡಿಕೆ ಕೌದಿ, ನನ್ನ ಕೌದಿ, ಅದರ ಮೇಲೆ ಕೂತದ್ದು ಅಲುಗಾಡದೆ ಇನ್ನೇನು ಮಾಡೀತು.

ಮತ್ತು ಇವನಿಗೆ ಗೊತ್ತು. ಇವತ್ತು ಮೊದಲ ಸಲ ಅವನ ಮುಖವನ್ನು ನೆಟ್ಟಗೆ ನೋಡಿದೆ, ಗೊತ್ತಿದೆ, ಮೋಟಾರು ಕೂರಿಸುವವನಿಗೆ ತಳ ಮೆತ್ತಗಿದ್ದರೆ ಏನಾಗುತ್ತದೆ ಅಂತ ಗೊತ್ತಿರುವುದಿಲ್ಲವೇ, ಅತ್ತೆ ಕೊಟ್ಟದ್ದು ಅಂತ ತೆಗೆಯಲಾರ, ಹೇಳಲಾರ, ಹೆಂಡತಿಗೆ ಪಿಸುಗುಟ್ಟಲೂ ಆರ, ಸೀಟು ಸ್ವಲ್ಪ ಮೆತ್ತಗ ಐತಿ ಅನಸ್ತೈತಿ ಅಂದ, ಅಷ್ಟೇ, ಅದನ್ನೂ ಗಾಡಿಗೆ ಹೇಳಿದ. ಲಲಿತಾ ಒಳಗಿದ್ದಳು, ಕೌದಿ ಹಾಸಿದ್ದು ನೋಡಿಲ್ಲ. ನಾನು ಸುಮ್ಮನಿದ್ದರೆ ಇವನೂ ಸುಮ್ಮನಿರುತ್ತಾನೆ, ಜೀವ ಹೋದರೂ ಬಾಯಿ ಬಿಡುವುದಿಲ್ಲ, ಕೂಸು ನನ್ನದು. ನಿನ್ನೆಯೇ ಗಾಡಿ ತೊಳೆಸಿದ್ದಾನೆ, ಮುಂದಿನ ಗಾಜಿಗೆ ಚೆಂಡುಹೂವಿನ ಮಾಲೆ ಕಟ್ಟಿದ್ದಾನೆ, ಐದು ತಿಂಗಳು ವಾರಕ್ಕೊಮ್ಮೆ ಬಂದು ಕೂಸನ್ನು ಎರಡು ಅಂಗೈಯಲ್ಲಿ ಹಿಡಿದು ಹೊಸ್ತಿಲ ಬಳಿ ನಿಂತು ಮತ್ತೆ ನನ್ನ ಕೈಗೇ ಕೊಟ್ಟು ಹೋದವನು, ಒಮ್ಮೆಯಾದರೂ ಕೂಸಿನ ಜೊತೆ ಒಂದು ನಿದ್ದೆ ಮಾಡಿದ್ದಾನೆಯೇ? ಸುಮ್ಮನಿರು ವಿರೂಪಾಕ್ಷಮ್ಮ, ಸುಮ್ಮನಿರು, ನೀನೇನು ಕದ್ದಿಲ್ಲ, ಅವಳೇ ಅಂದದ್ದು ಇಲ್ಲೇ ಇರಲಿ ಅಂತ. ಲಲಿತಾ ಬಂದು ಪಕ್ಕದಲ್ಲಿ ಕೂತಳು, ಕೂಸಿನ ಕಾಲು ಹಿಡಿದಳು, ಎಡಗಾಲು, ಅಂಗಾಲು ತಿರುಗಿಸಿ ನೋಡಿದಳು, ಯವ್ವಾ, ದಿನಾ ಇಲ್ಲಿ ಬೊಟ್ಟು ಇಡತಿಯೇನ? ಹೂಂನವ್ವ. ಮತ್ತ ನನಗ ಹೇಳೇ ಇಲ್ಲಲ್ಲ, ನಾ ಇದ್ರೂ ಎಷ್ಟು ನೋಡಿಲ್ಲ ನೋಡು, ಇನ್ನ ಇಲ್ಲೇ ಬಿಟ್ಟು ಹೋದ್ರ... ಅಂದವಳ ಕುಪ್ಪಸದ ಮುಂದೆ ಎರಡು ಒದ್ದೆ ಕಲೆ, ಈಗಷ್ಟೇ ಕುಡಿಸಿದ್ದಾಳೆ, ಆದರೂ ಬಿಟ್ಟು ಹೋಗುವ ಮಾತು ಬಾಯಿಗೆ ಬಂದದ್ದೇ ಹಾಲು ಇಳಿದಿದೆ, ಅವಳಿಗೇ ಗೊತ್ತಿಲ್ಲ, ನನಗೂ ಹೀಗೇ ಇಳಿಯುತ್ತಿತ್ತು, ಇವಳನ್ನು ನಮ್ಮವ್ವನ ಹತ್ತಿರ ಬಿಟ್ಟು ಗಿರಣಿಗೆ ಅಕ್ಕಿ ಹಸನು ಮಾಡಲು ಹೋಗುತ್ತಿದ್ದಾಗ, ಒಲೆಯ ಹೊಗೆಗೆ ಕಣ್ಣು ಉರಿದ ನೆಪ ಮಾಡಿ ಅಳುತ್ತಿದ್ದೆ, ನಮ್ಮವ್ವ ಆಗ ಏನು ಅಂದುಕೊಂಡಿದ್ದಳೋ, ಅವಳ ಸೀರೆಯ ಚೌಕ ಅಲ್ಲಿ ಸೀಟಿನ ಕೆಳಗಿದೆ.

ಹಿಡಿ ಕೂಸನ್ನ, ಅಂದೆ. ಎದ್ದೆ. ಸರೀರಿ ಅಳಿಯಂದಿರೆ, ಅಂದೆ, ಅವನು ಗಾಬರಿಯಾಗಿ ಕೆಳಗೆ ಇಳಿದ, ಬೆಲ್ಟು ಬಿಚ್ಚಿ ಸೀಟು ಎತ್ತಿ ಕೌದಿಯನ್ನು ಎಳೆದು ಹೆಗಲ ಮೇಲೆ ಹಾಕಿಕೊಂಡೆ, ಇದು ನೋಡ್ರಿ ಅಲ್ಲಾಡಿಸ್ತಿದ್ದುದು, ಸೀಟಲ್ಲ, ನಾನು. ಹಂಗ ಅನಬ್ಯಾಡ್ರಿ ಅತ್ತಿ ಅಂದ, ಅವನ ಮುಖ ಅರಳಿದ ರೀತಿ, ಪಾಪ, ಮುಚ್ಚಿಡಲು ನೋಡಿದ, ಆಗಲಿಲ್ಲ. ಮತ್ತೆ ಬೆಲ್ಟು ತೂರಿಸಿದ, ಟಿಕ್, ಈಗ ಅಲುಗಾಟ ಕಡಿಮೆ, ಆದರೂ ಎರಡು ಬೆರಳು. ಮ್ಯಾಲೆ ತೂಕ ಬೀಳಬೇಕ್ರಿ, ಅಂದಳು ಲಲಿತಾ ಫೋನು ನೋಡುತ್ತ, ಒಬ್ಬರು ಮೊಣಕಾಲು ಊರಿ ಒತ್ತಬೇಕು, ಆವಾಗ ಇನ್ನೊಬ್ಬರು ಎಳೀಬೇಕು. ತೂಕ! ಅಳಿಯ ಎಳೆಯುವವನು, ಲಲಿತಾಳ ಹೊಟ್ಟೆಯ ಹೊಲಿಗೆ ಇನ್ನೂ ಜುಮ್ಮೆನ್ನುತ್ತದೆ, ನಮ್ಮವರು ಗಾಳಿಗೆ ಹಾರುವಂತಿದ್ದಾರೆ, ಎಲ್ಲರೂ ಎಲ್ಲೆಲ್ಲೋ ನೋಡಿದರು, ನನ್ನನ್ನು ಮಾತ್ರ ನೋಡಲಿಲ್ಲ, ನೋಡುವ ಧೈರ್ಯ ಯಾರಿಗಿದೆ. ನಾನೇ ಹತ್ತಿದೆ. ಸೆರಗು ಸೊಂಟಕ್ಕೆ ಸಿಗಿಸಿ, ಸೀರೆ ಎತ್ತಿ, ಅಳಿಯನ ಕಣ್ಣೆದುರು, ಓಣಿಯ ಕಣ್ಣೆದುರು, ಕೂಸಿನ ಜಾಗದಲ್ಲಿ ಮೊಣಕಾಲು ಊರಿದೆ, ಮೈಯ ಭಾರವನ್ನೆಲ್ಲ ಬಿಟ್ಟೆ, ಎಳೀರಿ, ನಾಚಬ್ಯಾಡ್ರಿ, ಇವತ್ತಿಗೆ ನಾ ನಿಮ್ಮವ್ವ ಅಂತ ತಿಳಕೊಂಡು ಎಳೀರಿ, ಸೀಟಿನ ಸ್ಪಂಜು ಇಳಿಯಿತು, ಅವನು ಎಳೆದ, ಇನ್ನೂ ಒತ್ತಿದೆ, ಇನ್ನೂ ಎಳೆದ, ಮೊಣಕಾಲಿಗೆ ಯಾವುದೋ ಗುಂಡಿ ಒತ್ತಿ ನೋವು, ಒತ್ತಿದಷ್ಟೂ ಕೂಸು ಹೋಗುವುದು ಗಟ್ಟಿಯಾಗುತ್ತಿದೆ, ನನ್ನ ಭಾರದಿಂದಲೇ, ನನ್ನ ಕೈಯಾರೆ, ನನ್ನ ಕಾಲಾರೆ, ಬಗ್ಗಿ ನಿಂತವಳ ಕಣ್ಣಿಂದ ಒಂದು ಹನಿ ಸೀಟಿನ ಮೇಲೆ ಬಿತ್ತು, ಬೆವರು ಅಂದುಕೊಂಡಿರಬೇಕು ಅವನು. ಸಾಕ್ರಿ ಅತ್ತಿ. ಇಳಿದೆ. ಲಲಿತಾ ಹಿಡಿದು ಅಲುಗಾಡಿಸಿದಳು, ಗಾಡಿ ಅಲುಗಿತು, ಸೀಟು ಅಲುಗಲಿಲ್ಲ.

ಕೂಸನ್ನು ನಾನೇ ಮಲಗಿಸಿದೆ, ನಾನೇ, ಬೇರೆ ಯಾರಿಗೂ ಕೊಡಲಿಲ್ಲ. ಬೆನ್ನು ಸೀಟಿಗೆ, ಮುಖ ಹಿಂದಕ್ಕೆ, ಕಾಲು ಗಾಡಿಯ ಸೀಟಿನ ಬೆನ್ನಿಗೆ, ಮಲಗಿಸಿ ಕೈ ತೆಗೆದಾಗ ಹೊಳೆಯಿತು, ಇದು ನಾನು ಎರೆಯುವ ರೀತಿಯೇ ಅಲ್ಲವೇ, ತಲೆ ಆಚೆ, ಅಂಗಾಲು ಈಚೆ, ಐದು ತಿಂಗಳು ನನ್ನ ಕಾಲ ಮೇಲೆ ಕೂಸು ಹೀಗೇ ಮಲಗಿದ್ದು, ಹಿಂದೆ ಮುಖ ಮಾಡಿಯೇ, ಅಶುಭವಂತೆ, ಹೊಸ್ತಿಲಂತೆ, ನನ್ನ ಬಾಯಿಗಿಷ್ಟು. ಕೌದಿ ಮಡಚಿ ಬೆನ್ನಿಗೆ ಇಡಲು ಹೋದೆ, ಬೆನ್ನಿಗೆ ಬ್ಯಾಡ ಯವ್ವಾ, ಪಟ್ಟಿ ಸಡಲ ಆಗ್ತಾವ, ಕಟ್ಟಿದ ಮ್ಯಾಲೆ ಹೊಚ್ಚು, ಅಂದಳು, ಪಟ್ಟಿ ಎಳೆದು ಕೂಸಿನ ಹೆಗಲ ಹತ್ತಿರ ಬೆರಳಿನಿಂದ ಚಿವುಟಿ ನೋಡಿದಳು, ಚಿವುಟಲು ಬರಲಿಲ್ಲ, ಸರಿ ಅಂದಳು, ಮೇಲೆ ನಾನು ಕೌದಿ ಹೊಚ್ಚಿದೆ, ಕಂದು ಚೌಕ ಮೇಲೆ ಬರುವಂತೆ. ಗಾಡಿಯ ಹಿಂದಿನ ಡಬ್ಬಿಯಲ್ಲಿ ಕೂಸಿನ ತೊಟ್ಟಿಲು ಅಡ್ಡ ಮಲಗಿಸಿ ನಮ್ಮವರು ನೈಲಾನ್ ಹಗ್ಗ ಬಿಗಿದರು, ಕಡೆಗೂ ಅವರ ಹಗ್ಗಕ್ಕೆ ಕೆಲಸ ಸಿಕ್ಕಿತು, ಮುಖ ನೋಡಬೇಕಿತ್ತು. ಲಲಿತಾ ಕೂಸಿನ ಪಕ್ಕ ಕೂತು ತಾನೂ ಬೆಲ್ಟು ಹಾಕಿಕೊಂಡಳು, ಕೈ ಚಾಚಿ ನನ್ನ ಗಲ್ಲ ಮುಟ್ಟಿದಳು, ಯವ್ವಾ, ಬೊಟ್ಟು ನಾ ಇಡತೀನಿ ತಗೋ ದಿನಾ. ಅಳಿಯ ಬಂದು ಕಾಲು ಮುಟ್ಟಿದ, ಹ್ವಾದ ಮ್ಯಾಲೆ ಫೋನ್ ಮಾಡ್ತೀನ್ರಿ ಅತ್ತಿ, ಸಾವಕಾಶ ಹೋಗ್ರಿ ಅಂದೆ, ಇನ್ನೂ ಏನೇನೋ ಹೇಳಬೇಕಿತ್ತು, ನೀರು ಬಿಸಿ ಜಾಸ್ತಿ ಬೇಡ, ಎಡಕ್ಕೆ ಮಲಗಿಸಿದರೆ ಬೇಗ ನಿದ್ದೆ, ಬೀಗತಿಗೆ ಹೇಳಿ, ಕಾಲ ಮೇಲೆ ಒಂದು ಟವೆಲ್ ಹಾಸಿಕೊಳ್ಳಲಿ, ಗಾಡಿ ಆಗಲೇ ಹೊರಟಿತ್ತು.

ಮೊಣಕಾಲಿನಲ್ಲಿ ಗುಂಡಿಯ ಗುರುತು ಚುರುಗುಡುತ್ತಿದೆ, ಕುಂಟುತ್ತ ಓಣಿಯ ನಡುವೆ ಬಂದೆ, ಮುಖ ಹಿಂದಕ್ಕಿದೆಯಲ್ಲ, ನನ್ನನ್ನು ನೋಡುತ್ತ ಹೋಗುತ್ತಾಳೆ ಅಂದುಕೊಂಡಿದ್ದೆ, ಅಷ್ಟಾದರೂ ಸಿಗುತ್ತದೆ ಅಂತ, ಎಲ್ಲಿ, ಗಾಡಿಯ ಸೀಟಿನ ಬೆನ್ನು ಅಡ್ಡ, ಹಿಂದಿನ ಗಾಜಿನಲ್ಲಿ ಲಲಿತಾಳ ತಲೆ ಕಾಣುತ್ತದೆ, ಬಗ್ಗಿದೆ, ಕೌದಿ ಸರಿಮಾಡುತ್ತಿರಬೇಕು, ಮುಖ ಕಾಣುವುದಿಲ್ಲ, ಗಿರಣಿಯ ಹೊಟ್ಟಿನ ಬೂದಿ ಗಾಳಿಯಲ್ಲಿ ಇಳಿಯುತ್ತಿದೆ, ಕಣ್ಣು ಉಜ್ಜಿಕೊಂಡೆ, ಸೀಟಿನ ಬೆನ್ನಿನ ಮೇಲೆ, ಗಾಜಿನ ಕೆಳ ಅಂಚಿನಲ್ಲಿ, ಏನೋ ಎದ್ದಿತು, ಇಳಿಯಿತು, ಮತ್ತೆ ಎದ್ದಿತು, ಕೌದಿ ಒದ್ದು ಹೊರಗೆ ಬಂದಿದೆ, ಎಡಗಾಲು, ಅಂಗಾಲು ನನ್ನ ಕಡೆಗೆ, ನಡುವೆ ಕಪ್ಪು ಬೊಟ್ಟು, ಒದೆಯುತ್ತಿದೆ, ಸೀಟಿಗೆ ಒದೆಯುತ್ತಿದೆ, ಅದಲ್ಲ ನನ್ನವ್ವಾ, ಅದಲ್ಲ, ಹೊಟ್ಟೆ ಇಲ್ಲಿದೆ, ಇಲ್ಲಿ ನಿಂತಿದ್ದೇನೆ, ಗಾಡಿ ಸಣ್ಣದಾಗುತ್ತಿದೆ, ಬೊಟ್ಟು ಸಣ್ಣದಾಗುತ್ತಿಲ್ಲ, ಅಂಗಾಲು, ಬೊಟ್ಟು, ಒದೆಯುತ್ತಿದೆ, ಹೊಟ್ಟೆ ಇಲ್ಲಿದೆ, ಅಂಗಾಲು, ಬೊಟ್ಟು —